ನಾಲ್ಕು ಮೀಟರಿನ ಸಂಸಾರ

ಮನೆಯ ಹಳೆಯ ಕಾರನ್ನು ಕೊಟ್ಟು ಹೊಸದನ್ನು ತರುವುದು ಈ ದೇಶದ ಮಧ್ಯಮ ವರ್ಗಕ್ಕೆ ಈಗ ಅಂಥ ದೊಡ್ಡ ಸಂಗತಿಯೇನೂ ಅಲ್ಲ. ಆದರೆ ಆ ಹಳೆಯದು ಎಸ್ಟೇಟ್ ಜಾತಿಗೆ ಸೇರಿದ ಕಾರಾಗಿದ್ದರೆ, ಉದಾಹರಣೆಗೆ 2004ರಲ್ಲಿ ಮಾರುಕಟ್ಟೆಗೆ ಬಂದು ಕೆಲವೇ ವರ್ಷ ಬಾಳಿದ ಟಾಟಾ ಇಂಡಿಗೊ ಮರೀನಾ ಆಗಿದ್ದರೆ, ಮನೆಯವರಿಗೆ ಎದುರಾಗುವ ಮೊದಲ ತೊಡಕು ಹಣದ್ದಲ್ಲ, ವಂಶದ್ದು. ಸಾಮಾನ್ಯ ಕುಟುಂಬದ ಕೈಗೆಟಕುವ ಬೆಲೆಯಲ್ಲಿ ಅದೇ ಕುಲದ ಇನ್ನೊಂದು ಕಾರು ಇಂದಿನ ಭಾರತದಲ್ಲಿ ಹೊಸದಾಗಿ ಸಿಗುವುದಿಲ್ಲ. ಷೋರೂಮಿನಲ್ಲಿ ಈ ಮಾತನ್ನು ಎತ್ತಿದವರಿಗೆ ಅನುಕಂಪದ ಒಂದು ನೋಟವೂ, ಅದರ ಬೆನ್ನಿಗೇ ಸನ್‌ರೂಫಿನ ವರ್ಣನೆಯೂ ದೊರೆಯುತ್ತವೆ. ಸಾಮಾನು ಇಡುವ ಜಾಗ ಎಷ್ಟಿದೆ ಎಂದು ಕೇಳಿದವರಿಗೆ ಆಕಾಶವನ್ನು ತೋರಿಸುವ ಈ ಪದ್ಧತಿ ಎಲ್ಲಿಂದ ಬಂತು ಎಂಬುದು ವಿಚಾರಿಸಬೇಕಾದ ವಿಷಯವೇ ಆಗಿದೆ.

ಎಸ್ಟೇಟ್ ಕಾರು ಎಂದರೆ, ಚಾವಣಿಯು ಹಿಂದಿನ ಸೀಟು ಮುಗಿದಲ್ಲಿ ಕೆಳಗಿಳಿಯದೆ ಬಾಲದವರೆಗೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಸಾಗಿ, ಅಲ್ಲಿ ಮೇಲಕ್ಕೆ ತೆರೆದುಕೊಳ್ಳುವ ಒಂದು ದೊಡ್ಡ ಬಾಗಿಲಿನಲ್ಲಿ ಕೊನೆಗೊಳ್ಳುವ ಕಾರು. ಎಂಜಿನ್ನಿಗೆ, ಜನರಿಗೆ ಮತ್ತು ಸಾಮಾನಿಗೆ ಬೇರೆ ಬೇರೆಯಾಗಿ ಮೂರು ಡಬ್ಬಿಗಳನ್ನು ಜೋಡಿಸಿದಂತಿರುವುದು ಸೆಡಾನ್. ಜನರ ಮತ್ತು ಸಾಮಾನಿನ ಡಬ್ಬಿಗಳ ನಡುವಿನ ಗೋಡೆಯನ್ನು ಕೆಡವಿ ಒಂದೇ ಪಡಸಾಲೆ ಮಾಡಿದರೆ ಎಸ್ಟೇಟ್. ಅಮೆರಿಕದವರು ಸ್ಟೇಷನ್ ವ್ಯಾಗನ್ ಎಂದು ಕರೆದದ್ದು ಇದನ್ನೇ, ಏಕೆಂದರೆ ಅಲ್ಲಿ ಇದರ ಮೊದಲ ಉದ್ಯೋಗ ರೈಲು ನಿಲ್ದಾಣದಲ್ಲಿ ಇಳಿದವರನ್ನು ಅವರ ಪೆಟ್ಟಿಗೆಗಳ ಸಮೇತ ತರುವುದಾಗಿತ್ತು. ಬ್ರಿಟನ್ನಿನಲ್ಲಿ ದೊಡ್ಡ ಜಮೀನುದಾರರ ಮನೆಗಳಲ್ಲಿ ಅತಿಥಿಗಳನ್ನೂ ಬೇಟೆಯ ಸರಂಜಾಮನ್ನೂ ಸಾಗಿಸಲು ಹುಟ್ಟಿದ ಇದು, 1953ರ ಮಾರಿಸ್ ಮೈನರ್ ಟ್ರಾವಲರ್‌ನಂಥ ಕಾರುಗಳ ಮೂಲಕ ಸಾಮಾನ್ಯರ ಮನೆ ಸೇರಿತು. ಹಿಂಭಾಗದ ಮರದ ಚೌಕಟ್ಟು ಹೊರಗೇ ಕಾಣುವಂತಿದ್ದ ಆ ಕಾರನ್ನು ವಾಹನವೆನ್ನಬೇಕೋ ಪೀಠೋಪಕರಣವೆನ್ನಬೇಕೋ ಎಂಬ ಸಂದೇಹ ನೋಡಿದವರಿಗೆ ಇಂದಿಗೂ ಬರುತ್ತದೆ.

ಈ ಬಗೆಯ ಕಾರಿನ ಗುಣ ಅರ್ಥವಾಗಬೇಕಾದರೆ ಅದರ ಓಟವನ್ನಲ್ಲ, ನಿಂತಾಗ ಅದಕ್ಕೆ ಸಾಮಾನು ತುಂಬುವುದನ್ನು ನೋಡಬೇಕು. ಡಿಕ್ಕಿಯ ಅಂಚು ಮೊಣಕಾಲಿಗಿಂತ ತುಸುವೇ ಮೇಲಿದ್ದು, ಒಳಗಿನ ತಳವೂ ಬಹುಮಟ್ಟಿಗೆ ಅದೇ ಮಟ್ಟದಲ್ಲಿರುವುದರಿಂದ, ಅಕ್ಕಿಮೂಟೆಯನ್ನು ಎತ್ತಿ ಗುಂಡಿಗಿಳಿಸುವ ಶ್ರಮವಿಲ್ಲದೆ ಅಂಚಿಗೆ ಒರಗಿಸಿ ಒಳಕ್ಕೆ ತಳ್ಳಿದರೆ ಸಾಕು. ವೀಣೆಯನ್ನು ಕಾರಿನಲ್ಲಿ ಸಾಗಿಸಿದವರಿಗಂತೂ ಹೆಚ್ಚಿನ ವಿವರಣೆ ಬೇಕಿಲ್ಲ. ನಾಲ್ಕು ಅಡಿಗೂ ಮಿಕ್ಕಿ ಉದ್ದವಿರುವ, ಒಂದು ತುದಿಗೆ ಕೊಡವೂ ಇನ್ನೊಂದು ತುದಿಗೆ ಯಾಳಿಮುಖವೂ ಅದರ ಹತ್ತಿರ ಬುರುಡೆಯೂ ಇರುವ ಆ ವಾದ್ಯ ಸೆಡಾನಿನ ಡಿಕ್ಕಿಯ ಬಾಯಿಗೆ ಹಿಡಿಸುವುದಿಲ್ಲ. ಹಿಂದಿನ ಸೀಟಿನಲ್ಲಿ ಇಬ್ಬರ ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿದರೆ ರಸ್ತೆಯ ಪ್ರತಿ ಹಂಪಿಗೂ ವೀಣೆಯ ಜೊತೆ ಹೊತ್ತವರೂ ನರಳುತ್ತಾರೆ. ಎಸ್ಟೇಟ್ ಕಾರಿನಲ್ಲಾದರೆ ಹಿಂದಿನ ಸೀಟಿನ ಒಂದು ಪಾಲನ್ನು ಮಡಚಿ, ಮೇಲೊಂದು ಜಮಖಾನ ಹಾಸಿ, ಕೊಡವನ್ನು ಬಾಲದ ಕಡೆಗಿಟ್ಟು ದಂಡಿಯನ್ನು ಮುಂದಕ್ಕೆ ಚಾಚಿ ಮಲಗಿಸಬಹುದು. ಉಳಿದ ಪಾಲಿನಲ್ಲಿ ಕುಳಿತವರು ಬುರುಡೆಯ ಮೇಲೊಂದು ಕೈ ಇಟ್ಟುಕೊಂಡರೆ ಮೈಸೂರಿನಿಂದ ಶಿವಮೊಗ್ಗದವರೆಗೂ ಶ್ರುತಿ ಕೆಡದೆ ಹೋಗಬಹುದು. ಶ್ರುತಿಯ ಮಾತು ಸ್ವಲ್ಪ ಉತ್ಪ್ರೇಕ್ಷೆ ಎಂದು ವೈಣಿಕರು ಆಕ್ಷೇಪಿಸಿಯಾರು, ಆದರೆ ತೊಡೆಯ ಮಟ್ಟಿಗೆ ಅದು ನಿಜ.

ಇಷ್ಟು ಉಪಕಾರಿಯಾದ ಕಾರು ಈ ದೇಶದಲ್ಲಿ ಏಕೆ ಬೇರೂರಲಿಲ್ಲ ಎಂಬುದಕ್ಕೆ ವಾಹನದ ವ್ಯಾಪಾರದಲ್ಲಿರುವವರು ಕೊಡುವ ರೂಢಿಯ ಉತ್ತರವೆಂದರೆ, ಭಾರತೀಯರಿಗೆ ಬಾಲವಿಲ್ಲದ ಕಾರು ಕಾರಲ್ಲ ಎಂಬುದು. ಮಾತಿನಲ್ಲಿ ಹುರುಳಿದೆ. 1992ರಲ್ಲಿ, ಟಾಟಾಮೊಬೈಲ್ ಎಂಬ ಸಾಮಾನುಗಾಡಿಯ ಅಡಿಪಾಯದ ಮೇಲೆ ಕಟ್ಟಿದ ಟಾಟಾ ಎಸ್ಟೇಟ್ ಬಂತು. ಅನಂತರ ಮಾರುತಿಯ ಬಲೆನೊ ಆಲ್ಟುರಾ, ಓಪೆಲ್‌ನ ಕೋರ್ಸಾ ಸ್ವಿಂಗ್, ಸ್ಕೋಡಾದ ಆಕ್ಟೇವಿಯಾ ಕಾಂಬಿ, ಮರೀನಾ ಬಂದವು. ಬಂದ ದಾರಿಯಲ್ಲೇ ಎಲ್ಲವೂ ಹೋದವು. ಜನರ ಕಣ್ಣಿಗೆ ಅದುವರೆಗೆ ಬಿದ್ದಿದ್ದ ಎಸ್ಟೇಟ್ ಆಕಾರ ಯಾವುದೆಂದರೆ ಆಸ್ಪತ್ರೆಯ ಮುಂದೆ ನಿಲ್ಲುತ್ತಿದ್ದ ಅಂಬಾಸಿಡರ್ ಆ್ಯಂಬುಲೆನ್ಸ್. ಹಿಂದಿನ ಬಾಗಿಲು ತೆರೆದ ಉದ್ದನೆಯ ಬಿಳಿ ಗಾಡಿಯನ್ನು ಕಂಡು ಬೀದಿಯವರು ಯಾರಿಗೇನಾಯಿತೆಂದು ವಿಚಾರಿಸಲು ಬರುವಂತಾದರೆ, ಅಂಥ ಗಾಡಿಯನ್ನು ಲಕ್ಷಗಟ್ಟಲೆ ಕೊಟ್ಟು ಮನೆಮುಂದೆ ನಿಲ್ಲಿಸಿಕೊಳ್ಳುವ ಉಮೇದು ಯಾರಿಗಿದ್ದೀತು? ಗೋಡೆಯಿಲ್ಲದ ಪಡಸಾಲೆಗೆ ತನ್ನದೇ ಆದ ಕಷ್ಟವೂ ಇದೆ. ಸೆಡಾನಿನ ಡಿಕ್ಕಿಯಲ್ಲಿ ಮುಚ್ಚಿಟ್ಟ ಹಲಸಿನಹಣ್ಣು ಊರು ತಲುಪುವವರೆಗೆ ಗುಟ್ಟಾಗಿರುತ್ತದೆ; ಎಸ್ಟೇಟ್ ಕಾರಿನಲ್ಲಿ ಅದು ಆರನೆಯ ಪ್ರಯಾಣಿಕ. ಕರಾವಳಿಯಿಂದ ಒಣಮೀನು ತರುವ ಸಂಸಾರಗಳ ವಿಷಯದಲ್ಲಿ ಮೌನವೇ ಲೇಸು.

ಆದರೆ ಅಭಿರುಚಿಯ ಮೇಲೆ ಎಲ್ಲ ಹೊರೆಯನ್ನೂ ಹೊರಿಸಿದರೆ ನಿಜವಾದ ಕರ್ತೃ ತಪ್ಪಿಸಿಕೊಳ್ಳುತ್ತಾನೆ. ಭಾರತದ ಕಾರುಗಳ ಹಿಂಭಾಗವನ್ನು ಕಳೆದ ಎರಡು ದಶಕಗಳಲ್ಲಿ ರೂಪಿಸಿದ ಶಿಲ್ಪಿ ಇಟಲಿಯವನೂ ಅಲ್ಲ, ಪುಣೆಯವನೂ ಅಲ್ಲ. ಅವನು ದೆಹಲಿಯಲ್ಲಿ, ಹಣಕಾಸು ಸಚಿವಾಲಯದಲ್ಲಿ, ಅಳತೆಯ ಟೇಪು ಹಿಡಿದು ಕುಳಿತಿದ್ದ. 2006-07ರ ಕೇಂದ್ರ ಬಜೆಟ್ಟು ಸಣ್ಣ ಕಾರು ಎಂಬುದಕ್ಕೆ ಒಂದು ಲಕ್ಷಣವನ್ನು ಬರೆಯಿತು: ಉದ್ದ 4000 ಮಿಲಿಮೀಟರನ್ನು ಮೀರಬಾರದು, ಎಂಜಿನ್ನಿನ ಗಾತ್ರ ಪೆಟ್ರೋಲಿನದಾದರೆ 1200 ಸಿಸಿ, ಡೀಸೆಲಿನದಾದರೆ 1500 ಸಿಸಿಯ ಒಳಗಿರಬೇಕು, ಇಷ್ಟನ್ನು ಪಾಲಿಸಿದ ಕಾರಿಗೆ ಅಬಕಾರಿ ಸುಂಕ, ಅಂದರೆ ಕಾರ್ಖಾನೆಯಿಂದ ಹೊರಬೀಳುವಾಗಲೇ ಸರಕಿನ ಮೇಲೆ ಬೀಳುತ್ತಿದ್ದ ಕೇಂದ್ರ ತೆರಿಗೆ, ಶೇಕಡಾ 24ರಿಂದ 16ಕ್ಕೆ ಇಳಿಯಿತು. ಇಂಧನ ಉಳಿಯಲಿ, ರಸ್ತೆಯಲ್ಲಿ ಜಾಗ ಉಳಿಯಲಿ, ಸಣ್ಣ ಕಾರುಗಳ ತಯಾರಿಕೆ ಇಲ್ಲೇ ಬೆಳೆಯಲಿ ಎಂಬ ಉದ್ದೇಶದಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ ಗೆರೆ ಎಳೆದ ಮೇಲೆ ಜನ ಗೆರೆಯನ್ನು ನೋಡುತ್ತಾರೆಯೇ ಹೊರತು ಉದ್ದೇಶವನ್ನಲ್ಲ. ಇಂಗ್ಲೆಂಡಿನಲ್ಲಿ 1696ರಲ್ಲಿ ಮನೆಯ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕಲು ಆರಂಭಿಸಿದಾಗ, ಜನ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿಸಿ ಕತ್ತಲಲ್ಲಿ ಕುಳಿತರು. 1851ರಲ್ಲಿ ತೆರಿಗೆ ಹೋದರೂ ಇಟ್ಟಿಗೆ ಮುಚ್ಚಿದ ಎಷ್ಟೋ ಕಿಟಕಿಗಳು ಹಾಗೆಯೇ ಉಳಿದವು. ಜಪಾನಿನ ಕೇ ಕಾರುಗಳು 3.4 ಮೀಟರ್ ಉದ್ದ, 660 ಸಿಸಿ ಎಂಬ ಸರಕಾರಿ ಮಿತಿಯೊಳಗೆ ಬೆಳೆದು, ಉದ್ದಕ್ಕೆ ಹೋಗಲಾರದೆ ಮೇಲಕ್ಕೆ ಹೋಗಿ ಬೀರುವಿನ ಆಕಾರ ತಾಳಿದವು.

ಭಾರತದಲ್ಲಿ ಕತ್ತರಿ ಬಿದ್ದದ್ದು ಬಾಲಕ್ಕೆ. ಮುಂಭಾಗದಲ್ಲಿ ಎಂಜಿನ್ನಿದೆ, ನಡುವೆ ಮನುಷ್ಯರ ಕಾಲುಗಳಿವೆ. ಇವೆರಡೂ ಬಜೆಟ್ಟಿನ ಮಾತಿಗೆ ಸುಲಭವಾಗಿ ಕುಗ್ಗುವಂಥವಲ್ಲ. ಹಾಗಾಗಿ 2008ರಲ್ಲಿ ಇಂಡಿಗೊದ ಹಿಂಭಾಗವನ್ನು ಮೊಟಕುಮಾಡಿದ ಇಂಡಿಗೊ ಸಿಎಸ್ 3988 ಮಿಲಿಮೀಟರಿನಲ್ಲಿ ಬಂತು. ಅದೇ ವರ್ಷ 4160 ಮಿಲಿಮೀಟರಿನೊಂದಿಗೆ ಹುಟ್ಟಿದ್ದ ಮಾರುತಿ ಡಿಸೈರ್, 2012ರ ಎರಡನೆಯ ಅವತಾರದಲ್ಲಿ 3995ಕ್ಕೆ ಇಳಿಯಿತು. 440 ಲೀಟರ್ ಇದ್ದ ಡಿಕ್ಕಿ 316 ಲೀಟರಿಗೆ ಬಂತು. ಒಂದು ಗೇಣಿಗಿಂತಲೂ ಕಡಿಮೆ ಉದ್ದ ಹೋದದ್ದಕ್ಕೆ ಮನೆಮಂದಿಯ ಒಂದೆರಡು ಸೂಟ್‌ಕೇಸುಗಳು ಹೋದವು, ಮತ್ತು ಆ ವಾಹನ ಪಕ್ಕದಿಂದ ನೋಡಿದರೆ ಹಿಂದಿನಿಂದ ಯಾರೋ ಬಲವಾಗಿ ಗುದ್ದಿದ ಮೇಲೆ ಬಣ್ಣ ಬಳಿದು ನಿಲ್ಲಿಸಿದಂತೆ ಕಂಡಿತು. ಜನ ಅದನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಕೊಂಡರು. 2013ರ ಫೋರ್ಡ್ ಇಕೋಸ್ಪೋರ್ಟ್ 3999 ಮಿಲಿಮೀಟರ್ ಉದ್ದವಿತ್ತು. ಸರಕಾರಕ್ಕೆಂದು ಒಂದು ಮಿಲಿಮೀಟರನ್ನು ಬಿಟ್ಟುಕೊಟ್ಟ ಆ ಔದಾರ್ಯವನ್ನು ಸ್ಮರಿಸಲೇಬೇಕು.

2017ರಲ್ಲಿ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ, ಬಂದಾಗ ಟೇಪು ಇನ್ನೊಂದು ದಿಕ್ಕಿಗೂ ಚಾಚಿತು. ಉದ್ದ ನಾಲ್ಕು ಮೀಟರ್ ಮೀರಿ, ಎಂಜಿನ್ 1500 ಸಿಸಿ ಮೀರಿ, ಕಾರಿನ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರವಾದ ಗ್ರೌಂಡ್ ಕ್ಲಿಯರೆನ್ಸ್ 170 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಹೆಚ್ಚಿನ ಸೆಸ್ ಎಂದಾಯಿತು. ಆ ಅಂತರವನ್ನು ಖಾಲಿ ಗಾಡಿಯಲ್ಲಿ ಅಳೆಯಬೇಕೆಂಬ ಸ್ಪಷ್ಟನೆಗಾಗಿ ದೇಶ 2023ರವರೆಗೆ ಕಾಯಬೇಕಾಯಿತು. 2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಗಿ, ವಿದ್ಯುತ್ ಕಾರುಗಳನ್ನು ಬಿಟ್ಟರೆ, ಸಣ್ಣ ಕಾರಿಗೆ ಶೇಕಡಾ 18, ಉಳಿದವಕ್ಕೆ ಶೇಕಡಾ 40 ಎಂಬ ಎರಡೇ ದರಗಳು ಉಳಿದಿವೆ, ಆದರೆ ನಾಲ್ಕು ಮೀಟರಿನ ಗೆರೆ ಮಾತ್ರ ಕದಲಿಲ್ಲ. ಎಸ್ಟೇಟ್ ಕಾರಿನ ಸಂಪತ್ತೆಲ್ಲ ಇರುವುದು ಈ ಗೆರೆಯಾಚೆಗಿನ ಅರ್ಧ ಮೀಟರಿನಲ್ಲಿ. ಮನೆಮಂದಿಯ ಹಾಸಿಗೆ, ಅಜ್ಜಿಯ ಗಾಲಿಕುರ್ಚಿ, ಗೌರಿಹಬ್ಬಕ್ಕೆ ತವರಿನಿಂದ ಬಂದ ಬುಟ್ಟಿಗಳು, ಹಾಸ್ಟೆಲಿಗೆ ಹೊರಟ ಮಗಳ ಟ್ರಂಕು ಇವೆಲ್ಲ ಆ ಅರ್ಧ ಮೀಟರಿನ ನಿವಾಸಿಗಳು. ಅವುಗಳನ್ನು ಒಟ್ಟಾಗಿ ವಿಲಾಸ ಸಾಮಗ್ರಿಗಳ ಪಟ್ಟಿಗೆ ಸೇರಿಸಿದವರು ಕಾರಿನ ಹಿಂದಿನ ಬಾಗಿಲನ್ನು ತಾವಾಗಿ ಎಂದೂ ತೆರೆದಿರಲಾರರು. ಅದಕ್ಕೆ ಬೇರೆ ಜನ ಇರುತ್ತಾರೆ.

ಹಾಗಿದ್ದರೆ ಮರೀನಾದ ಜಾಗಕ್ಕೆ ಏನನ್ನು ತರುವುದು? ನಾಲ್ಕು ಮೀಟರಿನೊಳಗಿನ ಪುಟ್ಟ ಎಸ್‌ಯುವಿಗಳು ಮೊದಲು ಎದುರಾಗುತ್ತವೆ. ಇವು ಮುಂದಿನಿಂದ ನೋಡಿದರೆ ಕಾಡಿಗೆ ಹೊರಟಂತೆಯೂ, ಡಿಕ್ಕಿ ತೆರೆದು ನೋಡಿದರೆ ಎರಡು ಚೀಲ ತರಕಾರಿಗೆ ಹೊರಟಂತೆಯೂ ಕಾಣುತ್ತವೆ. ತಳ ಎತ್ತರವಾಗಿರುವುದರಿಂದ ಸಾಮಾನನ್ನು ಸೊಂಟದ ಮಟ್ಟಕ್ಕೆ ಎತ್ತಬೇಕು. ಹತ್ತುವಾಗ ಮೊಣಕಾಲುನೋವಿನ ಹಿರಿಯರು ಬಾಗಿಲ ಹಿಡಿಕೆಯನ್ನು ಹಿಡಿದು, "ಸ್ವಲ್ಪ ತಡಿಯಪ್ಪಾ" ಎಂದು ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಎತ್ತರದ ಪರವಾಗಿ ಹೇಳಬೇಕಾದ ಮಾತೂ ಒಂದಿದೆ: ಊರಿಗೊಂದರಂತೆ, ಕೆಲವೆಡೆ ಮನೆಗೊಂದರಂತೆ ಹಂಪುಗಳಿರುವ ಕರ್ನಾಟಕದ ರಸ್ತೆಗಳಲ್ಲಿ, ಉದ್ದನೆಯ ತಗ್ಗಿನ ಕಾರು ತುಂಬು ಹೇರಿನೊಂದಿಗೆ ಹೋದಾಗ ಹೊಟ್ಟೆ ಉಜ್ಜುವ ಸದ್ದನ್ನು ಕೇಳಿದ ಯಾವ ಮಾಲೀಕನೂ ಎಸ್ಟೇಟಿನ ಭಕ್ತನಾಗಿ ಬಹಳ ದಿನ ಉಳಿಯುವುದಿಲ್ಲ.

ಬಿಡದಿಯ ಕಾರ್ಖಾನೆಯಿಂದ 2005ರಲ್ಲಿ ಹೊರಬಂದ ಇನ್ನೋವಾ, ಅದಕ್ಕೂ ಮೊದಲು 2000ದಲ್ಲಿ ಅಲ್ಲಿಂದಲೇ ಬಂದ ಕ್ವಾಲಿಸ್, ಎಸ್ಟೇಟ್ ಮಾಡಬೇಕಿದ್ದ ಕೆಲಸವನ್ನೆಲ್ಲ ಈ ರಾಜ್ಯದಲ್ಲಿ ಮಾಡಿವೆ. ದಿಬ್ಬಣ, ಧರ್ಮಸ್ಥಳ, ಚುನಾವಣೆ, ಯಾವುದಕ್ಕೂ ಇಲ್ಲವೆನ್ನದ ಗಾಡಿಗಳವು. ಆದರೆ ಇಂದಿನ ಇನ್ನೋವಾದ ಬೆಲೆಗೆ ದೇಶದಲ್ಲೇ ದುಬಾರಿ ಎನಿಸಿಕೊಂಡ ಕರ್ನಾಟಕದ ಜೀವಿತಾವಧಿ ತೆರಿಗೆಯೂ ಸೇರಿದಾಗ, ಆನ್‌ರೋಡ್ ಬೆಲೆಯನ್ನು ಓದಿದವರು ಹಳೆಯ ಮರೀನಾಕ್ಕೇ ಹೊಸ ಟೈರು ಹಾಕಿಸುವ ಯೋಚನೆಗೆ ಬರುತ್ತಾರೆ. ಸೆಕೆಂಡ್ ಹ್ಯಾಂಡ್ ಆಕ್ಟೇವಿಯಾ ಕಾಂಬಿಯ ಆಸೆಯೂ ಕೆಲವರಲ್ಲಿ ಮಿನುಗುತ್ತದೆ. ಅದರ ಬಿಡಿಭಾಗಗಳನ್ನು ಹುಡುಕುವುದು ಸನ್ಯಾಸಕ್ಕೆ ಸಮಾನವಾದ ಜೀವನಕ್ರಮವಾದ್ದರಿಂದ ಗೃಹಸ್ಥರಿಗೆ ಸಲ್ಲದು.

ಉಳಿಯುವುದು ಮಾರುತಿ ಎರ್ಟಿಗಾ. 2018ರ ಅವತಾರದಲ್ಲಿ ಅದರ ಉದ್ದ 4395 ಮಿಲಿಮೀಟರ್, ಅಂದರೆ ಗೆರೆಯನ್ನು ನಾಚಿಕೆಯಿಲ್ಲದೆ ದಾಟಿ ಶೇಕಡಾ 40ನ್ನು ತಲೆಯೆತ್ತಿ ಕೊಡುವ ಗಾಡಿ. ಮೂರೂ ಸಾಲು ಸೀಟುಗಳನ್ನು ನಿಲ್ಲಿಸಿದಾಗ ಹಿಂದೆ ಉಳಿಯುವುದು 209 ಲೀಟರ್ ಜಾಗ. ಏಳು ಜನರನ್ನು ಕೂರಿಸಿ ಅವರ ಬಟ್ಟೆಬರೆಯನ್ನು ಮನೆಯಲ್ಲೇ ಬಿಟ್ಟುಹೋಗುವ ವ್ಯವಸ್ಥೆ ಅದು. ಮೂರನೆಯ ಸಾಲನ್ನು ಮಡಚಿದರೆ 550 ಲೀಟರ್ ದೊರೆತು, ವೀಣೆ ಮಲಗುವಷ್ಟು ಸಮತಟ್ಟಾದ ತಳವೂ ಸಿಗುತ್ತದೆ, ಅಂದರೆ ವೇಷ ಮರೆಸಿಕೊಂಡ ಎಸ್ಟೇಟ್ ಸಿಗುತ್ತದೆ. ಆದ್ದರಿಂದ ಕೊಳ್ಳುವವರು ಕೊಂಡ ದಿನವೇ ಆ ಸಾಲನ್ನು ಮಡಚಿ ಮೇಲೊಂದು ಜಮಖಾನ ಹಾಸಿ, ಹಾಗೊಂದು ಸಾಲು ಇದೆ ಎಂಬುದನ್ನೇ ಮರೆಯುವುದು ಉತ್ತಮ. ಕಳಚಿ ಅಟ್ಟಕ್ಕೆ ಹಾಕೋಣವೆಂದರೆ ನೋಂದಣಿಯಲ್ಲಿರುವ ಆಸನಸಂಖ್ಯೆಯನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಅಡ್ಡಬರುತ್ತದೆ. ಏಳು ಸೀಟಿನ ಸುದ್ದಿ ನೆಂಟರಿಗೆ ಮುಟ್ಟದಂತೆ ನೋಡಿಕೊಳ್ಳುವ ಜವಾಬ್ದಾರಿ ಆಯಾ ಮನೆಯವರದು. ಬಣ್ಣ ಯಾವುದಾದರೂ ಆಗಬಹುದು, ಬಿಳಿಯೊಂದನ್ನು ಬಿಟ್ಟು. ಬಿಳಿ ಎರ್ಟಿಗಾವನ್ನು ಬೆಂಗಳೂರಿನ ವಿಮಾನ ನಿಲ್ದಾಣದ ಎದುರು ಎರಡು ನಿಮಿಷ ನಿಲ್ಲಿಸಿದರೆ, ಯಾರಾದರೂ ಹಿಂದಿನ ಬಾಗಿಲು ತೆರೆದು ಒಳಗೆ ಕುಳಿತು ಓಟಿಪಿ ಹೇಳತೊಡಗುತ್ತಾರೆ.