ಅಳಿಸಿದ ಫ್ಲಾಪಿ

1998ರ ಮಳೆಗಾಲ. ಜಮಖಂಡಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕೂತು ನನ್ನ ಫ್ಲಾಪಿಯಲ್ಲಿದ್ದುದನ್ನೆಲ್ಲ ಅಳಿಸಿದೆ. ಎಲ್ಲ ಫೈಲೂ ಹೋಗುತ್ತವೆ, ಖಾತ್ರಿಯೇ ಎಂದು ಡಾಸ್ ಕೇಳಿತು. ವೈ ಒತ್ತಿದೆ. ಮೂರು ತಿಂಗಳ ಕೆಲಸ ಹೋಯಿತು. ಬನಹಟ್ಟಿಗೆ ಬಂದು ಅಪ್ಪನಿಗೆ, "ಫ್ಲಾಪಿ ತಾನ ಕೆಟ್ತು" ಅಂದೆ. ಎರಡು ಪವರ್‌ಲೂಮ್ ನಡೆಸಿ ನನ್ನ ಫೀ ಕಟ್ಟಿದ್ದ ಅಪ್ಪ ಆ ಮಾತು ನಂಬಿದ.

ಪಾಠ ಮುಗಿದ ಮೇಲೆ ಅರ್ಧ ತಾಸು ನಮಗೆ ಬಿಡುತ್ತಿದ್ದರು. ಆಗ ಎಲ್ಲರೂ ಆಡುತ್ತಿದ್ದುದು ಡೇಂಜರಸ್ ಡೇವ್. ಜಾನ್ ರೊಮೆರೊ 1988ರಲ್ಲಿ ಆಪಲ್ ಕಂಪ್ಯೂಟರಿಗೆ ಬರೆದು 1990ರಲ್ಲಿ ಡಾಸ್‌ಗೆ ತಂದ ಆಟ. ಹತ್ತು ಹಂತ, ಕಪ್ ಹಿಡಿದರೆ ಬಾಗಿಲು ದಾಟಬಹುದು. ಡೇವ್ ಪರದೆಯ ಅಂಚು ಮುಟ್ಟಿದನೆಂದರೆ ಆಟ ನಿಂತುಬಿಡುತ್ತಿತ್ತು. ಇಡೀ ಚಿತ್ರ ಜರುಗಿ ಮುಗಿದ ಮೇಲಷ್ಟೇ ಅವನು ಮುಂದೆ ಹೆಜ್ಜೆ ಇಡಬೇಕು.

ಎರಡನೆಯದನ್ನು ತಂದವನು ಬೀಳಗಿಯ ಗೆಳೆಯ. 1991ರ ಡೇಂಜರಸ್ ಡೇವ್ ಇನ್ ದ ಹಾಂಟೆಡ್ ಮ್ಯಾನ್ಷನ್. ಒಡಹುಟ್ಟಿದ ಡೆಲ್ಬರ್ಟ್‌ನನ್ನು ಬಿಡಿಸಲು ಡೇವ್ ಭೂತಬಂಗಲೆ ಹೊಕ್ಕಿದ್ದಾನೆ. ಬಂದೂಕನ್ನು ಮೇಲಕ್ಕೂ ಓರೆಗೂ ಹಿಡಿಯಬಹುದು, ಬಾಗಿಲು ತೆರೆದು ಒಳಕೋಣೆಗೆ ನುಗ್ಗಬಹುದು. ನಾನು ಬೆರಗಾದದ್ದು ಮಾತ್ರ ಗೋಡೆ ನೋಡಿ. ಡೇವ್ ನಡೆದಂತೆ ಗೋಡೆ, ಕಿಟಕಿ, ಮೆಟ್ಟಿಲು ನೀರು ಹರಿದ ಹಾಗೆ ಹಿಂದೆ ಸರಿಯುತ್ತಿದ್ದವು. ಎಲ್ಲಿಯೂ ತಡೆಯಿಲ್ಲ. ಮೊದಲ ಆಟದಲ್ಲಿ ಬೆನ್ನಿಗೆ ಕಟ್ಟಿಕೊಂಡು ಹಾರುವ ಯಂತ್ರವಿತ್ತು. ಅದು ಇಲ್ಲಿಲ್ಲವೆಂಬ ಕೊರಗು ನನಗೆ ಈಗಲೂ ಇದೆ. ಆದರೂ ಎರಡನೆಯದೇ ಮೇಲು.

ಇಂಥದ್ದೇ ಒಂದು ಆಟ ನಾನೂ ಮಾಡುತ್ತೇನೆಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಮಗ್ಗಗಳ ಮೇಲೆ ಜಿಗಿಯುತ್ತ ಕಂಡಿಕೆ ಆರಿಸುವ ಹುಡುಗ. ಮನೆಯಲ್ಲಿದ್ದ ಗ್ರಾಫ್ ಹಾಳೆಯಲ್ಲಿ ಹದಿನಾರು ಅಡ್ಡ, ಹದಿನಾರು ಉದ್ದ ಮನೆ ಹಿಡಿದು ಅವನನ್ನು ಬರೆದೆ. ಹೆಚ್ಚಿನ ಪಾಠವಿದೆಯೆಂದು ಸುಳ್ಳು ಹೇಳಿ ಅಪ್ಪನಿಂದ ಮತ್ತೆ ದುಡ್ಡು ತಂದೆ. ಆಟವನ್ನು ಟರ್ಬೊ ಸಿಯಲ್ಲಿ ಬರೆದೆ. ಹುಡುಗ ಒಂದು ಹೆಜ್ಜೆ ಇಟ್ಟರೆ ಪರದೆಯನ್ನೆಲ್ಲ ಒರೆಸಿ ಮತ್ತೆ ಮೊದಲಿನಿಂದ ಚಿತ್ರ ಬಿಡಿಸುವುದು ನಾನು ಕಂಡುಕೊಂಡ ದಾರಿ. ಯಂತ್ರ ಅದನ್ನು ತಾಳಲಿಲ್ಲ. ಪರದೆ ಕೆಟ್ಟ ಟ್ಯೂಬ್‌ಲೈಟಿನ ಹಾಗೆ ಪಟಪಟ ಮಿಣುಕಿತು. ಮುಧೋಳದ ಗೆಳೆಯ ಎರಡು ನಿಮಿಷ ನೋಡಿ, "ಕಣ್ಣ ನೋಯ್ತಾವೋ" ಅಂದು ಎದ್ದ. ಇದ್ದದ್ದನ್ನೇ ಹೇಳಿದ್ದ ಅವನು. ಎರಡು ಕುರ್ಚಿ ಆಚೆ ಕೂತಿದ್ದ ಮಾಸ್ತರರನ್ನು ಕೇಳಬಹುದಿತ್ತು, ಕೇಳಲಿಲ್ಲ. ಮಿಣುಕುವ ಆಟ ನನ್ನದೆಂದು ಯಾರೂ ಅನ್ನಬಾರದೆಂದು ಅವತ್ತು ಸಂಜೆಯೇ ಅಳಿಸಿದೆ. ಮೊದಲ ಡೇವ್‌ನಂಥದ್ದನ್ನು ಮಾಡಿ ನೋಡದೆ ನೇರ ಎರಡನೆಯದರಂಥದ್ದಕ್ಕೆ ಕೈಹಾಕಿದ್ದೆ.

ಆ ನೀರಿನಂಥ ಓಟದ ಗುಟ್ಟು ತಿಳಿದದ್ದು ಎಷ್ಟೋ ವರ್ಷದ ಮೇಲೆ, ಬೆಂಗಳೂರಿನಲ್ಲಿ. 1990ರ ಸೆಪ್ಟೆಂಬರಿನಲ್ಲಿ ಅಮೆರಿಕದ ಶ್ರೀವ್‌ಪೋರ್ಟ್ ಊರಿನ ಸಾಫ್ಟ್‌ಡಿಸ್ಕ್ ಕಚೇರಿಯಲ್ಲಿ ಜಾನ್ ಕಾರ್ಮ್ಯಾಕ್ ಮತ್ತು ಟಾಮ್ ಹಾಲ್ ಒಂದು ರಾತ್ರಿ ಕೂತು ಸೂಪರ್ ಮಾರಿಯೋ ಬ್ರದರ್ಸ್ 3ರ ಮೊದಲ ಹಂತವನ್ನು ಪಿಸಿಯಲ್ಲಿ ಕಟ್ಟಿದರು. ಮಾರಿಯೋ ಇರಬೇಕಾದ ಜಾಗದಲ್ಲಿ ರೊಮೆರೊನ ಹಳೆಯ ಡೇವ್‌ನನ್ನು ನಿಲ್ಲಿಸಿದರು. ಕಾರ್ಮ್ಯಾಕ್ ಪರದೆಯನ್ನು ಚಿಕ್ಕ ಚೌಕಗಳಾಗಿ ನೋಡಿದ್ದ. ಚಿತ್ರ ಸರಿದಾಗ ಆಕಾಶದ ಚೌಕ ಇದ್ದಲ್ಲಿಗೆ ಮತ್ತೆ ಆಕಾಶದ ಚೌಕವೇ ಬಂದರೆ ಅದನ್ನು ಮುಟ್ಟುವುದೇ ಇಲ್ಲ. ಬದಲಾದ ಚೌಕ ಮಾತ್ರ ಹೊಸದಾಗಿ ಬರೆಯುವುದು. ಅದೇ ವರ್ಷ ಡಿಸೆಂಬರಿನ ಕಮಾಂಡರ್ ಕೀನ್ ಆಟ, ಮರುವರ್ಷದ ಭೂತಬಂಗಲೆ ಎರಡೂ ಇದರ ಮೇಲೆಯೇ ನಿಂತವು. ಜರುಗಲು ತಡವರಿಸುತ್ತಿದ್ದ ಮೊದಲ ಡೇವ್ ಅವರ ಕೈಯಲ್ಲಿ ಉಳಿದಿದ್ದ. ನನ್ನ ಹುಡುಗ ಉಳಿದಿರಲಿಲ್ಲ.

ಇದನ್ನು ಓದುತ್ತಿದ್ದಾಗ ಅಪ್ಪನ ಕೈ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು. ಹಾಸಿನಲ್ಲಿ ಒಂದು ಎಳೆ ಹರಿದರೆ ಆತ ಮಗ್ಗ ನಿಲ್ಲಿಸಿ, ಬಾಗಿ, ಆ ಒಂದೇ ಎಳೆ ಹುಡುಕಿ ಗಂಟು ಹಾಕುತ್ತಿದ್ದ. ಮಿಕ್ಕ ಸಾವಿರಾರು ಎಳೆಗೆ ಕೈ ತಾಗಿಸುತ್ತಿರಲಿಲ್ಲ. ಹುಟ್ಟಿದಾಗಿನಿಂದ ದಿನಾ ಕಂಡದ್ದು ಇದು. ಅದೇ ಮುಧೋಳದ ಗೆಳೆಯನಿಗೆ ಫೋನಿನಲ್ಲಿ ಹೇಳಿದರೆ ಅವನು ತನ್ನ ಊರಿನ ರನ್ನನನ್ನು ತಂದ: ಇದ್ದುದರ ಮೇಲೆ ಕಟ್ಟುವುದು ಹೊಸದೇನಲ್ಲ, ಪಂಪಭಾರತದ ಹದಿಮೂರನೆಯ ಆಶ್ವಾಸ ಹಿಡಿದೇ ಅಲ್ಲವೇ ರನ್ನ ಗದಾಯುದ್ಧ ಕಟ್ಟಿದ್ದು ಅಂದ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಟ್ರಂಕಿನ ತಳದಲ್ಲಿ ಆ ಗ್ರಾಫ್ ಹಾಳೆ ಸಿಕ್ಕಿತು. ತಗೊಂಡು ಹೋಗಿ ಅಪ್ಪನ ಮುಂದೆ ಕೂತು ಎಲ್ಲ ಹೇಳಿದೆ. ಫ್ಲಾಪಿ ಕೆಟ್ಟಿರಲಿಲ್ಲ, ಹೆಚ್ಚಿನ ಪಾಠ ಇರಲಿಲ್ಲ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹಾಳೆ ಬೆಳಕಿಗೆ ಹಿಡಿದ. ಸೀರೆಯ ಅಂಚಿನ ಡಿಸೈನನ್ನು ಆತ ಬರೆಯುತ್ತಿದ್ದುದೂ ಇಂಥ ಹಾಳೆಯ ಮೇಲೆಯೇ.

"ಅವತ್ತ ಕೇಳಿದ್ರ ಹೇಳ್ತಿದ್ನಲ್ಲೋ ತಮ್ಮಾ" ಅಂದ. "ಬಲಗಾಲಿಗೆ ಎರಡ ಮನಿ ಹೆಚ್ಚ ಹಾಕೀದಿ. ಪೆನ್ಸಿಲ್ ತಾ."