ಉಳಿದ ನೂರು ಮಂದಿ

ಬಾವಿಯ ಗಡಗಡಿ ಕಂಡವರಿಗೆ ಹಡಗಿನ ‘ಬ್ಲಾಕ್’ ಎಂದರೇನೆಂದು ಹೆಚ್ಚು ಹೇಳಬೇಕಿಲ್ಲ. ಹೊರಗೆ ಮರದ ಚಿಪ್ಪು, ಒಳಗೆ ತಿರುಗುವ ಗಾಲಿ, ನಡುವೆ ಕಬ್ಬಿಣದ ಕಡ್ಡಿ. ಹಾಯಿ ಏರಿಸಲು, ಇಳಿಸಲು, ತೋಪು ಎಳೆಯಲು ಅದೇ ಬೇಕು. 74 ತೋಪುಗಳ ಒಂದು ಯುದ್ಧನೌಕೆಗೆ ಹೆಚ್ಚುಕಡಿಮೆ ಸಾವಿರ ಬ್ಲಾಕುಗಳು. ನೆಪೋಲಿಯನ್ನನ ಕಾಲದ ಬ್ರಿಟಿಷ್ ನೌಕಾಪಡೆಗೆ ವರ್ಷಕ್ಕೆ ಲಕ್ಷ ಬ್ಲಾಕುಗಳಾದರೂ ಬೇಕಾಗುತ್ತಿದ್ದವು.

ಅವನ್ನು ಯಂತ್ರದಿಂದ ಮಾಡುವ ದಾರಿ ತೋರಿಸಿದವನು ಫ್ರಾನ್ಸಿನಲ್ಲಿ ಹುಟ್ಟಿದ ಮಾರ್ಕ್ ಇಸಂಬಾರ್ಡ್ ಬ್ರುನೆಲ್. ನೌಕಾಂಗಣಗಳ ಸುಧಾರಣೆಗೆ ನಿಂತಿದ್ದ ಸ್ಯಾಮ್ಯುಯೆಲ್ ಬೆಂಥಮ್ ಒಪ್ಪಿದ. ಹೆನ್ರಿ ಮಾಡ್‌ಸ್ಲೆ ಲೋಹದ ಯಂತ್ರಗಳನ್ನು ಕಟ್ಟಿಕೊಟ್ಟ. 1808ರಲ್ಲಿ ಪೋರ್ಟ್ಸ್‌ಮತ್ತಿನ 45 ಯಂತ್ರಗಳು ಉಗಿಯ ಬಲದಿಂದ 1,30,000 ಬ್ಲಾಕುಗಳನ್ನು ಕೊಟ್ಟವು. ಒಂದು ಯಂತ್ರ ತೂತು ಕೊರೆದರೆ, ಮುಂದಿನದು ಅದನ್ನು ಉದ್ದಕ್ಕೆ ಕಡಿಯುತ್ತಿತ್ತು, ಇನ್ನೊಂದು ಹೊರಮೈ ದುಂಡಗೆ ಮಾಡುತ್ತಿತ್ತು. 110 ನುರಿತವರ ಕೆಲಸಕ್ಕೆ ನುರಿತವರಲ್ಲದ 10 ಜನ ಸಾಕಾದರು. ಇತಿಹಾಸದ ಪುಸ್ತಕಗಳು ಈ ಲೆಕ್ಕವನ್ನು ಮೆಚ್ಚುಗೆಯಿಂದಲೇ ಹೇಳುತ್ತವೆ.

ನಾನು ಬ್ಯಾಡಗಿ ಕಡೆಯ ಬಡಿಗೇರ ಮನೆಯ ಮಗಳು. ಅಜ್ಜ ಚಕ್ಕಡಿ ಗಾಲಿ ಮಾಡುತ್ತಿದ್ದ. ರಾಣೆಬೆನ್ನೂರಿನ ಸಂತೆಯಲ್ಲಿ ಸಾಲಾಗಿ ನಿಂತ ಚಕ್ಕಡಿಗಳಲ್ಲಿ ತನ್ನ ಗಾಲಿ ಯಾವುದೆಂದು ದೂರದಿಂದಲೇ ಹೇಳುತ್ತಿದ್ದನಂತೆ. ಅಳತೆ ಒಂದೇ ಇದ್ದರೂ ಬಾಚಿಯ ಗುರುತು ಬೇರೆ. ಟೈರಿನ ಗಾಡಿಗಳು ಬಂದವು, ಆಮೇಲೆ ಟ್ರ್ಯಾಕ್ಟರ್. ಅಪ್ಪ ಈಗ ಹಾವೇರಿಯ ಹೊಸ ಮನೆಗಳಲ್ಲಿ ರೆಡಿಮೇಡ್ ಬಾಗಿಲು ಕೂಡಿಸುತ್ತಾನೆ. ಬಾಚಿ ಅಟ್ಟದ ಮೇಲಿದೆ.

ನನ್ನ ಸಂಶೋಧನೆ ಏನೆಂದು ಅಪ್ಪ ಕೇಳಿದಾಗ ಪೋರ್ಟ್ಸ್‌ಮತ್ತಿನ ಕತೆ ಹೇಳಿದೆ. ಯಂತ್ರಗಳ ಬಗ್ಗೆ ಬೆರಗಾಗಿ, ಒಂದೊಂದು ಯಂತ್ರ ಏನೇನು ಮಾಡುತ್ತಿತ್ತೆಂದು ಕೇಳಿ ತಿಳಿದುಕೊಂಡ. ಕಡೆಗೆ, “ಅಲ್ಲವಾ, ಉಳಿದ ನೂರು ಮಂದಿ ಏನಾದ್ರು?” ಅಂದ.

ಆ ಪ್ರಶ್ನೆ ಈಗ ನನ್ನ ಪ್ರಬಂಧದ ಒಂದು ಅಧ್ಯಾಯ. ಬ್ರುನೆಲ್ಲನಿಗೆ 17,000 ಪೌಂಡಿಗೂ ಮಿಕ್ಕ ಬಹುಮಾನ ಸಿಕ್ಕಿತು. ಯಂತ್ರಗಳಲ್ಲಿ ಕೆಲವು ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನಲ್ಲಿವೆ. ಆದರೆ ಪ್ರತಿಯೊಂದು ಯಂತ್ರವೂ ಮಾಡುತ್ತಿದ್ದದ್ದು ಯಾರದೋ ಕೈ ಮೊದಲೇ ಕಲಿತಿದ್ದ ಒಂದೊಂದು ಕೆಲಸ. ಎಲ್ಲಿ ಕೊರೆಯಬೇಕು, ಎಷ್ಟು ಕಡಿಯಬೇಕು ಎಂಬುದನ್ನು ತಲೆಮಾರುಗಳಿಂದ ಗೊತ್ತುಮಾಡಿಕೊಂಡಿದ್ದವರು ಆ ಬಡಿಗರು. ಯಂತ್ರಯುಗದ ಚರಿತ್ರೆ ಬರೆಯುವಾಗ ಅವರನ್ನು ಉಳಿತಾಯದ ಖಾತೆಯಿಂದ ತೆಗೆದು, ಕಟ್ಟಿದವರ ಪಟ್ಟಿಗೆ ಸೇರಿಸಬೇಕು.