ಹಿಮದ ಬಯಕೆ

ಬಸುರಿ ಹೆಂಗಸಿನ ಬಯಕೆಗೆ ನಮ್ಮ ನಾಡಿನಲ್ಲಿ ದೊಡ್ಡ ಮರ್ಯಾದೆಯುಂಟು. ಮಾವಿನಕಾಯಿಯೋ ನೆಲ್ಲಿಕಾಯಿಯೋ ಬೇಕೆಂದು ಆಕೆ ಬಾಯಿ ಬಿಡುವುದೇ ತಡ, ಮನೆಮಂದಿಯೆಲ್ಲ ಓಡಾಡಿ ತಂದುಕೊಡುತ್ತಾರೆ. ಹಳೆಯ ಕಾವ್ಯಗಳಲ್ಲಿ ಇದಕ್ಕೆ ದೋಹಳವೆಂದು ಹೆಸರು. ಸುಶ್ರುತಸಂಹಿತೆಯಂತೂ ನಾಲ್ಕನೆಯ ತಿಂಗಳಿನ ಗರ್ಭಿಣಿಯನ್ನು ಎರಡು ಹೃದಯವುಳ್ಳವಳೆಂದು ಕರೆದು, ಅವಳ ಬಯಕೆಯನ್ನು ಅಲಕ್ಷಿಸಬಾರದೆಂದು ಹೇಳುತ್ತದೆ. ತರಗತಿಯಲ್ಲಿ ಇದನ್ನು ನಾನು ಎಷ್ಟೋ ಸಲ ರಸವತ್ತಾಗಿ ವಿವರಿಸಿದ್ದೇನೆ. ಆದರೆ ಆ ಬಯಕೆಯು ನನ್ನ ಮನೆಯ ಬಾಗಿಲಿಗೇ ಬಂದು ನಿಂತಾಗ ನನ್ನ ಪಾಂಡಿತ್ಯವೆಲ್ಲ ಮೂಕವಾಯಿತು.

2024ರ ಜನವರಿ ತಿಂಗಳು. ನಾರ್ವೆ ದೇಶದ ಆಸ್ಲೋ ನಗರದಲ್ಲಿರುವ ನನ್ನ ತಂಗಿಗೆ ಆಗ ನಾಲ್ಕು ತಿಂಗಳು. ಮೈಸೂರಿನಿಂದ ಅಮ್ಮ ಫೋನಿನಲ್ಲಿ, “ಏನು ತಿನ್ನಬೇಕೆನಿಸುತ್ತದೆಯೇ ಮಗಳೇ?” ಎಂದು ಕೇಳಿದಳು. “ತಿನ್ನುವುದೇನೂ ಬೇಡಮ್ಮ. ಈಸ್ಟರ್ ರಜೆಯಲ್ಲಿ ಗೆಳತಿಯರೆಲ್ಲ ಬೆಟ್ಟಕ್ಕೆ ಹೋಗುತ್ತಿದ್ದಾರೆ. ನನಗೂ ಅವರ ಜೊತೆ ಮೇಲಿನಿಂದ ಒಮ್ಮೆ ಜಾರಿ ಬರಬೇಕೆಂದು ಆಸೆ” ಎಂದಳು ಅವಳು. ಅಮ್ಮ ಎರಡು ಕ್ಷಣ ಸುಮ್ಮನಿದ್ದು, “ನೀನೇ ಇವಳಿಗೆ ಬುದ್ಧಿ ಹೇಳಪ್ಪ” ಎಂದು ಫೋನನ್ನು ನನ್ನ ಕೈಗೆ ಕೊಟ್ಟಳು.

ಅವಳು ಜಾರಬೇಕೆಂದದ್ದು ಸ್ಕೀ ಕಟ್ಟಿಕೊಂಡು. ಸೀಳಿದ ಮರದ ತುಂಡು ಎಂಬುದು ಆ ಮಾತಿನ ಮೂಲಾರ್ಥ. ನಾರ್ವೆಯವರು ಅದನ್ನು ‘ಶೀ’ ಎಂದು ಉಚ್ಚರಿಸುತ್ತಾರೆ. ತಾವು ಹುಟ್ಟುವಾಗಲೇ ಕಾಲಿಗೆ ಸ್ಕೀ ಕಟ್ಟಿಕೊಂಡು ಹುಟ್ಟಿದವರೆಂಬುದು ಆ ಜನರ ಹೆಮ್ಮೆಯ ಮಾತು. ಹಿಂದಿನ ವರ್ಷದ ಚಳಿಗಾಲದಲ್ಲಿ ನಾನೂ ನನ್ನ ಮಡದಿಯೂ ಅಲ್ಲಿಗೆ ಹೋಗಿದ್ದಾಗ ಇದು ಬರಿಯ ಜಂಬವಲ್ಲವೆಂದು ತಿಳಿಯಿತು. ಊರೊಳಗಿನ ರೈಲಿನಲ್ಲೇ ಜನರು ಉದ್ದುದ್ದ ಹಲಗೆಗಳನ್ನು ಹಿಡಿದು ನಿಂತು, ಫ್ರಾಗ್ನರ್‌ಸೇಟರೆನ್ ಎಂಬ ಕೊನೆಯ ನಿಲ್ದಾಣದಲ್ಲಿ ಇಳಿದು ಕಾಡಿನ ಹಿಮದೊಳಕ್ಕೆ ಸಲೀಸಾಗಿ ತೇಲಿಹೋಗುತ್ತಿದ್ದರು. ತಂಗಿಯ ಒತ್ತಾಯಕ್ಕೆ ನಾನೂ ಹಲಗೆ ಕಟ್ಟಿಕೊಂಡೆ. ನಾಲ್ಕು ಮಾರು ಹೋಗುವಷ್ಟರಲ್ಲಿ ಏಳು ಬಾರಿ ಬಿದ್ದೆ. ಐದು ವರ್ಷದ ಒಬ್ಬ ಹುಡುಗಿ ನನ್ನ ಪಕ್ಕದಲ್ಲೇ ಜಾರುತ್ತ ಹೋಗಿ, ಹಿಂದಿರುಗಿ ನೋಡಿ ಮರುಕಪಟ್ಟಳು.

ಈ ಆಟದಲ್ಲಿ ಬಗೆಗಳುಂಟು. ಸಮನಾದ ಜಾಡಿನಲ್ಲಿ ಕೋಲೂರಿಕೊಂಡು ನಡೆದಂತೆ ಸಾಗುವುದು ಒಂದು. ಬೆಟ್ಟದ ನೆತ್ತಿಯಿಂದ ವೇಗವಾಗಿ ಕೆಳಕ್ಕೆ ಇಳಿಯುವುದು ಇನ್ನೊಂದು. ಎರಡು ಪಾದಗಳನ್ನೂ ಒಂದೇ ಹಲಗೆಗೆ ಬಿಗಿದು ಇಳಿಯುವ ಸ್ನೋಬೋರ್ಡ್ ಮತ್ತೊಂದು. ಏಳು ವರ್ಷಗಳ ವಾಸದಲ್ಲಿ ನನ್ನ ತಂಗಿ ಮೂರನ್ನೂ ಕಲಿತಿದ್ದಳು. ಮೊದಲ ಚಳಿಗಾಲದ ಕತ್ತಲೆಯಲ್ಲಿ ಒಬ್ಬಳೇ ಕುಳಿತು ಅತ್ತವಳನ್ನು ಮನೆಯಿಂದ ಹೊರಗೆಳೆದು, ಆ ದೇಶವನ್ನು ಅವಳದಾಗಿಸಿದ್ದು ಈ ಹಲಗೆಗಳೇ.

ಆದರೂ ನಾನು ಫೋನಿನಲ್ಲಿ ಅರ್ಧ ಗಂಟೆ ಉಪನ್ಯಾಸ ಮಾಡಿದೆ. ಬೇಡ, ಕೂಡದು, ಹುಚ್ಚಾಟ ಎಂಬ ಮೂರು ಮಾತುಗಳನ್ನೇ ತಿರುತಿರುಗಿಸಿ ಹೇಳಿದೆನೆಂದು ಈಗ ಅನಿಸುತ್ತದೆ. ಎಲ್ಲವನ್ನೂ ಕೇಳಿ ಅವಳು, “ಅಣ್ಣ, ನಿನ್ನ ಭಯವನ್ನು ಹೇಳಿದೆ. ಕಾರಣವನ್ನು ಹೇಳಲಿಲ್ಲ” ಎಂದು ಫೋನ್ ಇಟ್ಟುಬಿಟ್ಟಳು.

ರಾತ್ರಿ ಊಟವಾದ ಮೇಲೆ ನನ್ನ ಮಡದಿ ತಾನಾಗಿ ಮಾತು ತೆಗೆದಳು. “ನನ್ನ ಸೈಕಲ್ ನೆನಪಿದೆಯೇ?” ಎಂದಳು. ನೆನಪಿಲ್ಲದೆ ಏನು? ಮದುವೆಯಾದ ಹೊಸದರಲ್ಲಿ ಅವಳು ಪಾಠ ಹೇಳುವ ಶಾಲೆಗೆ ದಿನವೂ ಸೈಕಲ್ಲಿನಲ್ಲೇ ಹೋಗುತ್ತಿದ್ದಳು. ಮೂರು ತಿಂಗಳಾದಾಗ ನಾನು, ನನ್ನ ಅಮ್ಮ, ಅವಳ ಅಮ್ಮ ಕುಳಿತು ಮಾತಾಡಿ ಅದನ್ನು ನಿಲ್ಲಿಸಿದೆವು. ಸೈಕಲ್ಲಿನ ಹಿಂದೆಯೇ ಸಂಜೆಯ ನಡಿಗೆಯೂ ನಿಂತಿತು. ಆಮೇಲೆ ಶಾಲೆಯೂ ನಿಂತಿತು. ನಡೆದಾಡಿದರೆ ಒಳ್ಳೆಯದೆಂದು ವೈದ್ಯರು ಹೇಳಿದ್ದರೂ ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳು ಹುಟ್ಟಿ ಆರು ವರ್ಷವಾಯಿತು. ಸೈಕಲ್ಲು ಹಿತ್ತಿಲ ಜಗಲಿಯ ಮೂಲೆಯಲ್ಲಿ ಗಾಳಿಯಿಳಿದು ನಿಂತೇ ಇದೆ.

“ಸೈಕಲ್ ಬಿಡಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ” ಎಂದಳು ಅವಳು. “ನಮ್ಮೂರಿನ ರಸ್ತೆಯಲ್ಲಿ ನಾನೇ ಬಿಡುತ್ತಿದ್ದೆನೋ ಏನೋ. ಆದರೆ ನೀವು ಮೂವರೂ ಮಾತಾಡಿದಿರಿ, ನನ್ನನ್ನು ಯಾರೂ ಕೇಳಲಿಲ್ಲ.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ತಂಗಿಗಾದರೂ ಕಾರಣಗಳನ್ನು ಕೊಡೋಣವೆಂದು ಓದಲು ಕುಳಿತೆ.

ಓದಿದಂತೆಲ್ಲ ನನ್ನ ಭಯವು ಒಂದು ಕಡೆ ಕುಗ್ಗಿ, ಇನ್ನೊಂದು ಕಡೆ ಗಟ್ಟಿಯಾಯಿತು. ತೊಡಕಿಲ್ಲದ ಬಸುರಿನಲ್ಲಿ ವಾರಕ್ಕೆ 150 ನಿಮಿಷವಾದರೂ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದೆ. ನಾರ್ವೆಯ ಪ್ರಸಿದ್ಧ ಸ್ಕೀ ಪಟು ಮಾರಿಟ್ ಬ್ಯೋರ್ಗನ್ ಬಸುರಿಯಾಗಿದ್ದಾಗಲೂ ಅಭ್ಯಾಸವನ್ನು ಬಿಡದೆ, 2015ರ ಡಿಸೆಂಬರಿನಲ್ಲಿ ಮಗುವನ್ನು ಹೆತ್ತು, 2017ರ ವಿಶ್ವಸ್ಪರ್ಧೆಯಲ್ಲಿ ನಾಲ್ಕು ಚಿನ್ನದ ಪದಕಗಳನ್ನು ಗೆದ್ದಳು. ಆದರೆ ಆಕೆಯದು ಜಾಡಿನ ಸ್ಕೀ, ಬೆಟ್ಟದಿಂದ ಇಳಿಯುವ ಆಟವಲ್ಲ. ಬೀಳುವ ಅಪಾಯ ಹೆಚ್ಚಾಗಿರುವ ಆಟಗಳನ್ನು ಗರ್ಭಿಣಿಯರು ಬಿಡಬೇಕೆಂದು ಅದೇ ವಿಶ್ವ ಸಂಸ್ಥೆ ಹೇಳುತ್ತದೆ. ಅಮೆರಿಕದ ಪ್ರಸೂತಿತಜ್ಞರ ಪಟ್ಟಿಯಲ್ಲಿ ಬೆಟ್ಟದಿಳಿಜಾರಿನ ಸ್ಕೀ ಹೆಸರು ಹಿಡಿದೇ ಬಂದಿದೆ.

ಕಾರಣಗಳೂ ಸಿಕ್ಕವು. ಮೊದಲ ಮೂರು ತಿಂಗಳು ಗರ್ಭಕೋಶವು ಸೊಂಟದ ಮೂಳೆಗಳ ಕೋಟೆಯೊಳಗೆ ಇರುತ್ತದೆ. ಆಮೇಲೆ ಅದು ಮೇಲೇರಿ ಕೋಟೆಯ ಹೊರಕ್ಕೆ ಬರುತ್ತದೆ. ಹೊಟ್ಟೆ ಮುಂದಕ್ಕೆ ಬೆಳೆದಂತೆ ಮೈಯ ಸಮತೋಲ ಬದಲಾಗುತ್ತದೆ. ಕೀಲುಗಳ ಬಿಗಿ ಸಡಿಲವಾಗುತ್ತದೆ. ಹೊಟ್ಟೆಗೆ ಬಲವಾದ ಪೆಟ್ಟು ಬಿದ್ದರೆ ಮಾಸು ಗರ್ಭಕೋಶದ ಗೋಡೆಯಿಂದ ಬಿಟ್ಟುಕೊಳ್ಳಬಹುದು. ಹೊರಗೆ ಗಾಯವೇ ಕಾಣದಿದ್ದರೂ ಹೀಗಾಗಬಹುದು, ಕೆಲವು ಗಂಟೆಗಳ ತರುವಾಯವೂ ಆಗಬಹುದು. ಎಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಇನ್ನೊಂದು. ತಾನು ಬೀಳದಂತೆ ನೋಡಿಕೊಳ್ಳುವುದು ನುರಿತವಳ ಕೈಯಲ್ಲಿದೆ. ಹಿಂದಿನಿಂದ ಹತೋಟಿ ತಪ್ಪಿ ಬರುವ ನನ್ನಂಥವನು ಡಿಕ್ಕಿ ಹೊಡೆಯದಂತೆ ನೋಡಿಕೊಳ್ಳುವುದು ಯಾರ ಕೈಯಲ್ಲಿದೆ?

ಮರುದಿನ ಇವಿಷ್ಟನ್ನೂ ತಂಗಿಗೆ ಹೇಳಿದೆ. ಕೊನೆಯಲ್ಲಿ, “ಹೋಗಬೇಡವೆಂದು ನಾನು ಹೇಳುವುದಿಲ್ಲ. ತೀರ್ಮಾನ ನಿನ್ನದು” ಎಂದೆ. ಆ ಎರಡು ವಾಕ್ಯಗಳನ್ನು ಆಡುವುದು ಅಣ್ಣನಾದವನಿಗೆ ಎಷ್ಟು ಕಷ್ಟವೆಂಬುದು ಆಡಿದ ಮೇಲೆಯೇ ತಿಳಿಯಿತು. ಅವಳು ಹೆಚ್ಚು ಮಾತಾಡಲಿಲ್ಲ.

ಒಂದು ವಾರ ಕಳೆದು ಅವಳೇ ಕರೆದಳು. ತನ್ನನ್ನು ನೋಡಿಕೊಳ್ಳುತ್ತಿದ್ದ ಶಿಕ್ಷಿತ ಸೂಲಗಿತ್ತಿಯನ್ನೂ ವಿಚಾರಿಸಿದ್ದಳು. “ಬೆಟ್ಟಕ್ಕೆ ಹೋಗುತ್ತೇನೆ, ಆದರೆ ಮೇಲಿನಿಂದ ಇಳಿಯುವುದಿಲ್ಲ. ಸಮನಾದ ಜಾಡಿನಲ್ಲಿ ಮೆಲ್ಲಗೆ ಹೋಗುತ್ತೇನೆ, ಇಳಿಜಾರು ಬಂದರೆ ಹಲಗೆ ಬಿಚ್ಚಿ ಕೈಯಲ್ಲಿ ಹಿಡಿದು ನಡೆಯುತ್ತೇನೆ” ಎಂದಳು. ಆಮೇಲೆ ದನಿ ತಗ್ಗಿಸಿ, “ಆಸೆ ಹೋಗಿಲ್ಲ ಅಣ್ಣ. ಬಿಟ್ಟೆನೆಂದು ತಿಳಿಯಬೇಡ, ಮುಂದಕ್ಕೆ ಹಾಕಿದ್ದೇನೆ ಅಷ್ಟೆ” ಎಂದಳು. ಆ ದನಿಯಲ್ಲಿ ಅಳುವೂ ಸ್ವಲ್ಪ ಬೆರೆತಿತ್ತು.

ಆ ದೇಶದಲ್ಲಿ ಪ್ರತಿ ಮಾರ್ಚ್ ತಿಂಗಳಿನಲ್ಲಿ ಒಂದು ದೊಡ್ಡ ಸ್ಕೀ ಓಟ ನಡೆಯುತ್ತದೆ. 1206ರಲ್ಲಿ, ಅಂತರ್ಯುದ್ಧದ ನಡುವೆ, ಬಿರ್ಕೆಬೈನರ್ ಪಕ್ಷದ ಇಬ್ಬರು ಯೋಧರು ಹಾಕೋನ್ ಎಂಬ ಎಳೆಯ ರಾಜಕುಮಾರನನ್ನು ಹೊತ್ತು ಹಿಮದ ಬೆಟ್ಟಗಳನ್ನು ದಾಟಿ ಕಾಪಾಡಿದರಂತೆ. ಅದರ ನೆನಪಿಗೆ 1932ರಿಂದ ನಡೆದು ಬಂದ ಈ 54 ಕಿಲೋಮೀಟರ್ ಓಟದಲ್ಲಿ ಪ್ರತಿಯೊಬ್ಬ ಸ್ಪರ್ಧಿಯೂ ಬೆನ್ನಿಗೆ ಮೂರೂವರೆ ಕಿಲೋ ಭಾರದ ಚೀಲವನ್ನು ಹೊರಬೇಕು. ಅದು ಆ ಮಗುವಿನ ಗುರುತು. ಈ ಕಥೆಯನ್ನು ಹೇಳಿದವಳು ತಂಗಿಯೇ. “ಈ ವರ್ಷ ನನಗೆ ಬೇರೆ ಚೀಲ ಬೇಡ ನೋಡು” ಎಂದು ನಕ್ಕಳು. ಮೂರೂವರೆ ಕಿಲೋ ಹೊತ್ತವರಿಗೆ ದಾರಿಯ ಬದಿಯಲ್ಲಿ ನಿಂತವರು ಹುರಿದುಂಬಿಸಬಹುದು, ಮುಂದಿನ ತಿರುವನ್ನು ತಿಳಿಸಬಹುದು. ಅವರ ಪರವಾಗಿ ಹೆಜ್ಜೆ ಇಡಲಾಗದು ಎಂದು ನನಗೆ ಆಗ ಹೊಳೆಯಿತು.

ಈಸ್ಟರ್ ರಜೆಯಲ್ಲಿ ಅವಳು ಒಂದು ಚಿತ್ರ ಕಳುಹಿಸಿದಳು. ಗೆಳತಿಯರು ಹಿಂದಿನ ಬೆಟ್ಟದಲ್ಲಿ ಚುಕ್ಕೆಗಳಂತೆ ಇಳಿದುಬರುತ್ತಿದ್ದಾರೆ. ಇವಳು ಬಿಸಿಲಿಗೆ ಮುಖವೊಡ್ಡಿ ಕುಳಿತು ಕಿತ್ತಳೆ ಸುಲಿಯುತ್ತಿದ್ದಾಳೆ. ಬೆಟ್ಟದ ಮೇಲೆ ಕಿತ್ತಳೆ ತಿನ್ನುವುದು ಅಲ್ಲಿಯ ಈಸ್ಟರ್ ಸಂಪ್ರದಾಯ. ಅದನ್ನರಿಯದ ಅಮ್ಮನಿಗೆ ಮಾತ್ರ ಪರಮ ಸಂತೋಷ: “ಅಂತೂ ಹುಳಿ ಬಯಸಿದಳಲ್ಲ!”

ಜುಲೈ ತಿಂಗಳಿನಲ್ಲಿ ಹೆಣ್ಣುಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಸುಖವಾಗಿದ್ದಾರೆ.

ಆ ಸುದ್ದಿ ಬಂದ ಸಂಜೆ ನಾನು ಹಿತ್ತಿಲಿಗೆ ಹೋಗಿ ಸೈಕಲ್ಲಿನ ಧೂಳನ್ನು ಒರೆಸಿದೆ. ಟೈರುಗಳು ಸೀಳಿದ್ದವು, ಸರಪಳಿ ತುಕ್ಕು ಹಿಡಿದಿತ್ತು. ನೇರವಾಗಿ ಅಂಗಡಿಗೆ ಒಯ್ದು ರಿಪೇರಿ ಮಾಡಿಸಿ ಮಡದಿಯನ್ನು ಬೆರಗುಗೊಳಿಸಬೇಕೆಂದು ಮೊದಲು ಯೋಚಿಸಿದ್ದೆ. ಬಾಗಿಲವರೆಗೆ ತಳ್ಳಿಕೊಂಡು ಹೋದವನು ನಿಂತೆ. ಒಳಕ್ಕೆ ಹೋಗಿ, “ಇದನ್ನು ಸರಿಮಾಡಿಸಲೇ?” ಎಂದು ಕೇಳಿದೆ.

ಅವಳು ಅಡಿಗೆಮನೆಯಿಂದ ಬಂದು ಸೈಕಲ್ಲನ್ನೂ ನನ್ನನ್ನೂ ಒಮ್ಮೆ ನೋಡಿ, “ಯೋಚಿಸಿ ಹೇಳುತ್ತೇನೆ” ಎಂದಳು.